ಒಂದು ಬಕೆಟ್ ಬಿಸಿನೀರಿಗೆ ಎಷ್ಟು?

ಮನೆಯನ್ನೇ ಬೆಚ್ಚಗಿಡಲು ಸಂಬಳದ ಒಂದು ಪಾಲನ್ನು ಸುಡಬೇಕಾದಂಥ ಚಳಿ ನಮ್ಮ ನಾಡಿನದಲ್ಲ. ಕೊಡಗು, ಚಿಕ್ಕಮಗಳೂರಿನ ಹಳೇ ಎಸ್ಟೇಟ್ ಬಂಗಲೆಗಳಲ್ಲಿ ಅಗ್ಗಿಷ್ಟಿಕೆ ಇದೆ, ಅಷ್ಟೆ. ಆದರೆ ಕರಾವಳಿಯಿಂದ ಬೀದರಿನವರೆಗೆ ಬೆಳಗಾದರೆ ಕಾಯಲೇಬೇಕಾದ್ದು ಒಂದಿದೆ: ಮೀಯುವ ನೀರು. ದೀಪಾವಳಿಯ ಹಿಂದಿನ ಸಂಜೆ ಹಂಡೆ ತಿಕ್ಕಿ, ಹಾಗಲಬಳ್ಳಿ ಸುತ್ತಿ, ನೀರು ತುಂಬುವುದನ್ನೇ ಹಬ್ಬ ಮಾಡಿಕೊಂಡ ಜನ ನಾವು. ಹೀಗಿದ್ದೂ ಅಡುಗೆಯ ಇಂಧನಕ್ಕೆ ಯೋಜನೆ, ಜಾಹೀರಾತು, ಅಧ್ಯಯನ ಎಲ್ಲ ಬಂದವು. ಬಚ್ಚಲಿನ ಲೆಕ್ಕವನ್ನು ಕೂತು ಹಾಕಿದವರು ಕಡಿಮೆ. ಸೌದೆ ಅಗ್ಗ, ಕರೆಂಟು ದುಬಾರಿ, ಬಿಸಿಲು ಪುಕ್ಕಟೆ ಎಂಬ ಮೂರು ನಂಬಿಕೆಗಳ ಮೇಲೆ ಸಂಸಾರ ಸಾಗುತ್ತದೆ. ಮೂರೂ ಅರ್ಧ ಮಾತ್ರ ನಿಜ.

ಹೋಲಿಕೆಗೆ ಒಂದೇ ಅಳತೆಗೋಲು ಬೇಕು. ಸೌದೆಯನ್ನು ಕಿಲೋದಲ್ಲಿ, ಗ್ಯಾಸನ್ನು ಸಿಲಿಂಡರಿನಲ್ಲಿ, ವಿದ್ಯುತ್ತನ್ನು ಯೂನಿಟ್ಟಿನಲ್ಲಿ ಕೊಳ್ಳುವವರೆಗೆ ಯಾವುದು ಅಗ್ಗವೆಂದು ಹೇಳಲಾಗದು. ಒಬ್ಬರ ಸ್ನಾನಕ್ಕೆ ಒಂದು ದೊಡ್ಡ ಬಕೆಟ್, ಅಂದರೆ 20 ಲೀಟರ್ ನೀರು ಎಂದಿಟ್ಟುಕೊಳ್ಳೋಣ. ತೊಟ್ಟಿಯಲ್ಲಿ 22 ಡಿಗ್ರಿ ಇರುವ ನೀರನ್ನು ಮೈಗೆ ಹಿತವಾಗುವ 42 ಡಿಗ್ರಿಗೆ ಏರಿಸಬೇಕು. ಒಂದು ಲೀಟರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋ ಕ್ಯಾಲೊರಿ. ಹಾಗಾಗಿ ಬಕೆಟ್ಟಿಗೆ 400. ವಿದ್ಯುತ್ತಿನ ಒಂದು ಯೂನಿಟ್ ಎಂದರೆ 860 ಕಿಲೋ ಕ್ಯಾಲೊರಿ. ಅಲ್ಲಿಗೆ ಒಂದು ಬಕೆಟ್ ಬಿಸಿನೀರೆಂದರೆ ಅರ್ಧ ಯೂನಿಟ್‌ಗೆ ಕೊಂಚ ಕಡಿಮೆ ಶಾಖ. ನಾಲ್ವರ ಮನೆಗೆ ದಿನಕ್ಕೆ ಎರಡು ಯೂನಿಟ್, ತಿಂಗಳಿಗೆ ಅರವತ್ತರ ಆಸುಪಾಸು. ನೀರು ಮೊದಲೇ ಬೆಚ್ಚಗಿರುವ ಮಂಗಳೂರಿನಲ್ಲಿ ಇದಕ್ಕಿಂತ ಕಡಿಮೆ ಸಾಕು, ಡಿಸೆಂಬರಿನ ಮಡಿಕೇರಿಯಲ್ಲಿ ಹೆಚ್ಚು ಬೇಕು. ಕಲಬುರಗಿ, ರಾಯಚೂರಿನ ಏಪ್ರಿಲ್-ಮೇ ತಿಂಗಳ ಸಮಸ್ಯೆಯೇ ಬೇರೆ: ತಾರಸಿಯ ಟ್ಯಾಂಕಿನ ನೀರು ಮೈ ಸುಡುತ್ತದೆಂದು ರಾತ್ರಿಯೇ ಬಕೆಟ್ ತುಂಬಿಸಿ ಆರಲು ಇಡುತ್ತಾರೆ.

ಇನ್ನು ನೋಡಬೇಕಾದ್ದು ಕೊಂಡ ಶಾಖದಲ್ಲಿ ನೀರಿಗೆ ಇಳಿದದ್ದೆಷ್ಟು ಎಂಬುದನ್ನು. ಹೊಗೆಯಲ್ಲಿ, ಗೋಡೆಯಲ್ಲಿ, ಪೈಪಿನಲ್ಲಿ ಹೋದದ್ದಕ್ಕೂ ನಾವು ದುಡ್ಡು ಕೊಟ್ಟಿರುತ್ತೇವೆ.

ವಿದ್ಯುತ್ತಿನದು ಸುಲಭದ ಲೆಕ್ಕ. ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ 2025–26ಕ್ಕೆ ಗೃಹಬಳಕೆಗೆ ನಿಗದಿ ಮಾಡಿದ್ದು ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಅದರ ಮೇಲೆ ಶೇ. 9ರ ತೆರಿಗೆ, ಪಿಂಚಣಿ-ಗ್ರಾಚ್ಯುಟಿ ಬಾಬ್ತಿನ 36 ಪೈಸೆ ಸೇರಿದರೆ ಸುಮಾರು 6 ರೂಪಾಯಿ 70 ಪೈಸೆ. ಬಕೆಟ್ಟಿಗೆ ಇಳಿಬಿಡುವ ರಾಡ್ ಇದೆಯಲ್ಲ, ಅದು ತಿಂದ ಕರೆಂಟೆಲ್ಲ ನೀರಿಗೇ ಹೋಗುತ್ತದೆ. ಸಾವಿರದೈನೂರು ವಾಟಿನ ರಾಡ್ ನಮ್ಮ ಬಕೆಟ್ಟನ್ನು ಇಪ್ಪತ್ತು ನಿಮಿಷದೊಳಗೆ ಕಾಯಿಸುತ್ತದೆ, ಖರ್ಚು ಮೂರು ರೂಪಾಯಿಯ ಮೇಲೆ ಸ್ವಲ್ಪ. ಲೆಕ್ಕದಲ್ಲಿ ಅದನ್ನು ಮೀರಿಸುವ ವಿದ್ಯುತ್ ಸಾಧನ ಮಾರುಕಟ್ಟೆಯಲ್ಲಿ ಹೆಚ್ಚಿಲ್ಲ. ಆದರೂ ಸ್ವಿಚ್ ಆರಿಸುವ ಮುನ್ನ ನೀರಿಗೆ ಕೈಹಾಕಿ ಜೀವ ಕಳೆದುಕೊಂಡವರ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುವುದರಿಂದ, ಮಕ್ಕಳಿರುವ ಮನೆಗೆ ಅದನ್ನು ನಾನು ಶಿಫಾರಸು ಮಾಡಲಾರೆ. ಗೋಡೆಯ ಗೀಸರಿನಲ್ಲಿ ಟ್ಯಾಂಕಿನ ಮೈಯಿಂದ, ಪೈಪಿನಿಂದ ಶೇ. 10–15ರಷ್ಟು ಸೋರುತ್ತದೆ. ನೀರಿಗಿಳಿದ ಯೂನಿಟ್‌ಗೆ ಏಳೂವರೆ ರೂಪಾಯಿ, ಬಕೆಟ್ಟಿಗೆ ಮೂರೂವರೆ. ಇಡೀ ದಿನ ಸ್ವಿಚ್ ಹಾಕಿಯೇ ಬಿಡುವ ಮನೆಗಳಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ಯಾರೂ ಸ್ನಾನ ಮಾಡದಿದ್ದರೂ ಟ್ಯಾಂಕ್ ಆರುತ್ತದೆ, ಮತ್ತೆ ಕಾಯುತ್ತದೆ, ಮೀಟರು ಓಡುತ್ತದೆ.

ಗ್ಯಾಸ್ ಇದಕ್ಕೆ ಹತ್ತಿರದಲ್ಲೇ ಬಂದು ನಿಲ್ಲುತ್ತದೆ. ಒಂದು ಕಿಲೋ ಅಡುಗೆ ಅನಿಲದಲ್ಲಿ ಸುಮಾರು 11,000 ಕಿಲೋ ಕ್ಯಾಲೊರಿ, ಅಂದರೆ ಹದಿಮೂರು ಯೂನಿಟ್‌ಗೆ ತುಸು ಕಡಿಮೆ ಶಾಖವಿದೆ. 2025ರ ಏಪ್ರಿಲಿನಲ್ಲಿ 50 ರೂಪಾಯಿ ಏರಿದ ಮೇಲೆ ಬೆಂಗಳೂರಿನಲ್ಲಿ 14.2 ಕಿಲೋ ಸಿಲಿಂಡರಿನ ಬೆಲೆ 855 ರೂಪಾಯಿ ಆಯಿತು, ಕಿಲೋಗೆ ಅರವತ್ತು. ಗ್ಯಾಸ್ ಗೀಸರಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರಿಗೆ ಸಿಗುತ್ತದೆ ಎಂದು ಹಿಡಿದರೆ ಯೂನಿಟ್‌ಗೆ ಆರು ರೂಪಾಯಿ, ಬಕೆಟ್ಟಿಗೆ ಎರಡೂಮುಕ್ಕಾಲು. ಅದೇ ಗ್ಯಾಸಿನ ಮೇಲೆ ಪಾತ್ರೆಯಿಟ್ಟು ಕಾಯಿಸಿದರೆ ಜ್ವಾಲೆ ಪಾತ್ರೆಯ ಪಕ್ಕದಿಂದ ಹಾರಿಹೋಗಿ, ವಿದ್ಯುತ್ ಗೀಸರಿಗಿಂತ ಹತ್ತಿಪ್ಪತ್ತು ಪೈಸೆ ಹೆಚ್ಚೇ ಬೀಳುತ್ತದೆ. ಪೈಪಿನಲ್ಲಿ ಗ್ಯಾಸ್ ಬಂದಿರುವ ಬಡಾವಣೆಗಳ ಕಥೆಯೂ ಬಹಳ ಬೇರೆಯಲ್ಲ. ಗ್ಯಾಸ್ ಗೀಸರಿಗಿರುವ ದೊಡ್ಡ ಆಕ್ಷೇಪ ಬೆಲೆಯದ್ದಲ್ಲ, ಗಾಳಿಯದ್ದು. ಕಿಟಕಿ ಮುಚ್ಚಿದ ಪುಟ್ಟ ಬಾತ್‌ರೂಮಿನಲ್ಲಿ ಅದು ಉರಿಯುತ್ತಿದ್ದರೆ ಆಮ್ಲಜನಕ ಕುಸಿದು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ, ಎಚ್ಚರಿಕೆಯೂ ಇಲ್ಲ. ಗೀಸರನ್ನು ಬಾತ್‌ರೂಮಿನ ಹೊರಗೋಡೆಗೆ ಹಾಕಿಸಿ ನೀರಿನ ಪೈಪನ್ನಷ್ಟೇ ಒಳಗೆ ತರಬೇಕು. ಅದಕ್ಕೆ ಜಾಗವಿಲ್ಲದ ಬಾಡಿಗೆ ಮನೆಯಲ್ಲಿ ಎಪ್ಪತ್ತೈದು ಪೈಸೆ ಉಳಿಸಲು ಹೋಗಬಾರದು.

ಈಗ ಸೌದೆಗೆ ಬರೋಣ. ಜನರ ನಂಬಿಕೆಗೂ ಲೆಕ್ಕಕ್ಕೂ ಅತಿ ದೊಡ್ಡ ಅಂತರ ಇರುವುದು ಇಲ್ಲೇ.

ಒಣಗಿದ ಸೌದೆಯ ಕಿಲೋ ಒಂದರಲ್ಲಿ ಸುಮಾರು ನಾಲ್ಕು ಯೂನಿಟ್ ಶಾಖವಿದೆ. ಹಸಿಯಾಗಿದ್ದರೆ ಅದರೊಳಗಿನ ನೀರನ್ನು ಆವಿ ಮಾಡುವುದರಲ್ಲೇ ಒಂದಷ್ಟು ಕಳೆಯುತ್ತದೆ. ಮೂರು ಕಡೆ ಗೋಡೆ, ಮುಂದೆ ಬಾಯಿ, ಮೇಲೆ ಹಂಡೆ ಇರುವ ಬಚ್ಚಲೊಲೆಯಲ್ಲಿ ಆರರಲ್ಲಿ ಒಂದು ಪಾಲು ನೀರಿಗೆ ಸಿಕ್ಕರೆ ಪುಣ್ಯ. ಅಂದರೆ ಒಂದು ಕಿಲೋ ಸೌದೆಗೆ ನೀರಿಗಿಳಿಯುವುದು ಯೂನಿಟ್ಟಿನ ಮುಕ್ಕಾಲು ಪಾಲೂ ಅಲ್ಲ. ಡಿಪೋದಲ್ಲಿ ಕಿಲೋಗೆ ಎಂಟು ರೂಪಾಯಿ ಕೊಟ್ಟು ತಂದರೆ ಯೂನಿಟ್‌ಗೆ ಹನ್ನೆರಡು ರೂಪಾಯಿ ಆಯಿತು, ಬಕೆಟ್ಟಿಗೆ ಐದೂವರೆ. ಗೀಸರಿನ ಒಂದೂವರೆ ಪಟ್ಟು. ಕೊಂಡು ಉರಿಸುವ ಸೌದೆ ಈ ಪಟ್ಟಿಯ ಅತಿ ದುಬಾರಿ ಇಂಧನ, ಅದನ್ನು ಕೊಳ್ಳುವವರೋ ಪಟ್ಟಣದ ಅಂಚಿನ ಬಡವರು. ಗೀಸರಿಗೆ ಒಟ್ಟಿಗೆ ಆರೇಳು ಸಾವಿರ ಹೊಂದಿಸಲಾಗದವರು ದಿನಕ್ಕಿಷ್ಟು ಎಂದು ಹೆಚ್ಚಿಗೆ ತೆರುತ್ತಾರೆ.

ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿದವರಲ್ಲಿ ಮೊದಲಿಗರು ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ. 1974ರಲ್ಲಿ ಅವರು ಸಂಸ್ಥೆಯೊಳಗೆ ‘ಅಸ್ತ್ರ’ ಎಂಬ ಘಟಕ ಕಟ್ಟಿ, ಕುಣಿಗಲ್ ತಾಲ್ಲೂಕಿನ ಉಂಗ್ರ, ಪುರ ಮೊದಲಾದ ಹಳ್ಳಿಗಳಲ್ಲಿ ಒಲೆ, ಸೌದೆ, ಸಗಣಿ, ಮನುಷ್ಯರ ದುಡಿಮೆಯ ಹೊತ್ತು ಎಲ್ಲವನ್ನೂ ಅಳೆಯಲು ತೊಡಗಿದರು. ವಿದ್ಯುತ್ತಿನ ಚರ್ಚೆಯಲ್ಲೇ ಮುಳುಗಿದ್ದ ಇಂಧನ ನೀತಿಗೆ, ಹಳ್ಳಿಯ ಇಂಧನವೆಂದರೆ ಮುಖ್ಯವಾಗಿ ಸೌದೆ, ಅದನ್ನು ಹೊರುವವರು ಮುಖ್ಯವಾಗಿ ಹೆಂಗಸರು ಮತ್ತು ಮಕ್ಕಳು ಎಂದು ಅಂಕಿ ಸಮೇತ ತೋರಿಸಿದ ಕೆಲಸ ಅದು. 1983ರಲ್ಲಿ ಅವರೂ ಬಿ. ಸುಧಾಕರ ರೆಡ್ಡಿಯವರೂ ಬೆಂಗಳೂರಿನ ಸೌದೆಯ ಬಗ್ಗೆ ಬರೆದ ಪ್ರಬಂಧ ನಗರದ ಒಲೆಗಳನ್ನು ಆದಾಯದ ಮೆಟ್ಟಿಲುಗಳ ಮೇಲೆ ಇಟ್ಟು ನೋಡಿತು. ಅದೇ ಘಟಕದ ಅಸ್ತ್ರ ಒಲೆ, ಜಾಲರಿ ಮತ್ತು ಮುಚ್ಚಿದ ಉರಿಗೂಡಿನಿಂದಾಗಿ, ಪ್ರಯೋಗದಲ್ಲಿ ಶೇ. 40ಕ್ಕೂ ಮೇಲಿನ ಶಾಖವನ್ನು ಪಾತ್ರೆಗೆ ಮುಟ್ಟಿಸಿತು. ಅಷ್ಟಾದರೂ ಬಹುಪಾಲು ಬಚ್ಚಲುಗಳಲ್ಲಿ ಅಜ್ಜನ ಕಾಲದ ಮೂರು ಗೋಡೆಯೇ ಉಳಿಯಿತು. ಸುಧಾರಿಸಿದ ಒಲೆ ಅಡುಗೆಮನೆಯ ವಿಷಯವೆಂದು ಎಲ್ಲರೂ ತಿಳಿದದ್ದು ಇದಕ್ಕೊಂದು ಕಾರಣವಿದ್ದೀತು.

ಕೊಳ್ಳದೆ ಆಯ್ದು ತಂದ ಸೌದೆ ಪುಕ್ಕಟೆ ತಾನೇ ಎಂದು ಕೇಳಬಹುದು. ತಲೆಹೊರೆಯ ಇಪ್ಪತ್ತು ಕಿಲೋ ಕಟ್ಟಿಗೆಗೆ ಅರ್ಧ ದಿನ ಹೋಗುತ್ತದೆ ಎಂದಿಟ್ಟುಕೊಳ್ಳಿ. ಉದ್ಯೋಗ ಖಾತರಿಯಲ್ಲಿ ಕರ್ನಾಟಕಕ್ಕೆ 2025–26ಕ್ಕೆ ನಿಗದಿಯಾದ ದಿನಗೂಲಿ 370 ರೂಪಾಯಿ. ಅರ್ಧ ದಿನಕ್ಕೆ 185. ಕಿಲೋಗೆ ಒಂಬತ್ತು ರೂಪಾಯಿ ದಾಟಿತು, ಡಿಪೋ ದರಕ್ಕಿಂತ ಹೆಚ್ಚು! ಆ ಹೆಂಗಸಿನ ಅರ್ಧ ದಿನಕ್ಕೆ ಬೇರೆ ಕೂಲಿ ಸಿಗದ ಊರಿನಲ್ಲಿ ಮಾತ್ರ ಇದು ಪುಕ್ಕಟೆ. ಹೊಗೆಗೆ, ಕೆಮ್ಮಿಗೆ ನಾನು ದರ ಹಾಕಿಲ್ಲ.

ಹೀಗೆಂದು ಹಂಡೆಯನ್ನು ಗುಜರಿಗೆ ಹಾಕಿ ಎನ್ನುವವನಲ್ಲ ನಾನು. ತೋಟದವರ ಲೆಕ್ಕವೇ ಬೇರೆ. ತೆಂಗಿನ ಗರಿ, ಹೆಡೆಮಟ್ಟೆ, ಕರಟ, ಅಡಿಕೆ ಸಿಪ್ಪೆ, ಕಾಫಿ ಗಿಡ ಸವರಿದಾಗ ಬೀಳುವ ರೆಂಬೆ, ಬಯಲುಸೀಮೆಯಲ್ಲಾದರೆ ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಹೊಲದ ಬದುವಿನ ಜಾಲಿ, ಇವನ್ನೆಲ್ಲ ಯಾರೂ ಹುಡುಕಿಕೊಂಡು ಹೋಗಬೇಕಿಲ್ಲ; ಹೇಗೂ ತೆಗೆದು ಒಂದೆಡೆ ಒಟ್ಟಲೇಬೇಕು. ಅಲ್ಲಿ ಇಂಧನದ ಬೆಲೆ ಶೂನ್ಯಕ್ಕೆ ಹತ್ತಿರ. ಇನ್ನು ನೀರಿಗೆ ಸಿಗದೆ ‘ವ್ಯರ್ಥ’ವಾಯಿತು ಎಂದು ಎಂಜಿನಿಯರ್ ಬರೆಯುವ ಆ ಆರರಲ್ಲಿ ಐದು ಪಾಲು ಮಲೆನಾಡಿನ ಆಷಾಢದಲ್ಲಿ ಪೂರ್ತಿ ವ್ಯರ್ಥವೂ ಅಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಒದ್ದೆ ಬಟ್ಟೆ ಆರುತ್ತದೆ, ಕಾಯಿ ಒಣಗುತ್ತದೆ, ಕಂಬಳಿ ಬೆಚ್ಚಗಾಗುತ್ತದೆ, ಹಿರಿಯರು ಅಲ್ಲೇ ಪಕ್ಕದಲ್ಲಿ ಕಾಲು ಚಾಚಿ ಕೂರುತ್ತಾರೆ. ನಮ್ಮಲ್ಲಿ ಮನೆ ಬೆಚ್ಚಗಿಡುವ ವ್ಯವಸ್ಥೆ ಎಂಬುದೇನಾದರೂ ಇದ್ದರೆ ಅದು ಬಚ್ಚಲೊಲೆಯೇ. ಬೂದಿ ಗಿಡದ ಬುಡಕ್ಕೆ. ಈಚೆಗೆ ಕರಾವಳಿ, ಮಲೆನಾಡಿನಲ್ಲಿ ಮನೆಯ ಹೊರಗೆ ನಿಲ್ಲಿಸುವ ಸ್ಟೀಲಿನ ಸೌದೆ ಬಾಯ್ಲರುಗಳು ಬಂದಿವೆ. ಹಳೇ ಮೈಸೂರಿನ ತಾಮ್ರದ ಬಾಯ್ಲರಿನ ಹಾಗೆ ಇದರಲ್ಲೂ ಉರಿ ನಡುವಿನ ಕೊಳವೆಯಲ್ಲಿ, ನೀರು ಸುತ್ತಲೂ. ಮೈಗೆ ಶಾಖ ತಡೆಯುವ ಹೊದಿಕೆ ಇರುವುದರಿಂದ ಬೆಳಗ್ಗೆ ಒಂದಿಷ್ಟು ಕರಟ ಹಾಕಿದರೆ ರಾತ್ರಿಯವರೆಗೂ ಬಿಸಿ. ಸ್ವಂತ ತೋಟವಿದ್ದವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಾಣುತ್ತಿಲ್ಲ.

ಗೋಬರ್ ಗ್ಯಾಸ್ ಇರುವ ಮನೆಗಳಲ್ಲೂ ಅದು ಬಚ್ಚಲಿಗೆ ಬರುವುದು ಅಪರೂಪ. ಎರಡು ಮೂರು ದನದ ಸಗಣಿಯ ಅನಿಲ ಅಡುಗೆಗೇ ಮುಗಿಯುತ್ತದೆ. ಸೀಮೆಎಣ್ಣೆಯ ಮೇಲಿನ ಸಬ್ಸಿಡಿ ಕಳಚಿದ ಮೇಲೆ ಪಂಪ್ ಸ್ಟೌ ಅಟ್ಟ ಸೇರಿತು. ಬಡ ಮನೆಗಳಿಗೆ ಕೊಡುವ ಉಜ್ವಲ ಯೋಜನೆಯ ಸಿಲಿಂಡರ್ ಮಾತ್ರ ಒಂದು ನಿಮಿಷ ನಿಂತು ನೋಡುವಂಥದ್ದು. 2016ರಲ್ಲಿ ಶುರುವಾದ ಆ ಯೋಜನೆಯಲ್ಲಿ 2025ರ ಆ ಬೆಲೆಯಲ್ಲಿ ಸಿಲಿಂಡರಿಗೆ 300 ರೂಪಾಯಿ ಸಹಾಯಧನ ಕಳೆದರೆ 555 ಬೀಳುತ್ತಿತ್ತು, ಪಾತ್ರೆಯಿಟ್ಟು ಕಾಯಿಸಿದರೂ ಬಕೆಟ್ಟಿಗೆ ಎರಡೂವರೆ ರೂಪಾಯಿ, ಕೊಂಡ ಸೌದೆಯ ಅರ್ಧ. ಆದರೂ ಆ ಮನೆಗಳಲ್ಲಿ ಚಹಾ, ಸಾರು ಗ್ಯಾಸಿನ ಮೇಲೆ, ಸ್ನಾನದ ನೀರು ಸೌದೆಯ ಮೇಲೆ. ಕಾರಣ ಅಜ್ಞಾನವಲ್ಲ. ನಾಲ್ವರ ಬಿಸಿನೀರಿಗೆ ತಿಂಗಳಿಗೆ ಅರ್ಧ ಸಿಲಿಂಡರಿಗೂ ಹೆಚ್ಚು ಬೇಕು, ವರ್ಷಕ್ಕೆ ಆರಕ್ಕೂ ಹೆಚ್ಚು. ಸಹಾಯಧನವೋ 2025–26ರಲ್ಲಿ ಒಂಬತ್ತಕ್ಕೆ ಸೀಮಿತ. ಬಚ್ಚಲಿಗೆ ಸುರಿದರೆ ಅಡುಗೆಗೆ ಉಳಿಯುವುದಿಲ್ಲ ಎಂಬುದು ಆ ಮನೆಯಾಕೆಗೆ ನಮ್ಮ ಲೆಕ್ಕಕ್ಕಿಂತ ಮೊದಲೇ ಗೊತ್ತು.

ಬಿಸಿಲಿನ ಸರದಿ. ಬೆಂಗಳೂರಿನ ಯಾವ ಬಡಾವಣೆಯ ತಾರಸಿಯಿಂದ ನೋಡಿದರೂ ಸಾಲು ಸಾಲು ಸೋಲಾರ್ ಟ್ಯಾಂಕುಗಳು. 2007ರ ಸರ್ಕಾರಿ ಆದೇಶದ ನಂತರ ಹೊಸ ಮನೆಗಳಿಗೆ ಅದು ಕಡ್ಡಾಯವಾದದ್ದು, ಬಿಲ್ಲಿನಲ್ಲಿ ತಿಂಗಳಿಗೆ 50 ರೂಪಾಯಿವರೆಗೆ ಸೋಲಾರ್ ರಿಯಾಯಿತಿ ಸಿಕ್ಕಿದ್ದು, ಎರಡೂ ಕೆಲಸ ಮಾಡಿದವು. ನೂರು ಲೀಟರಿನ ಸಾಧನಕ್ಕೆ ಪ್ಲಂಬಿಂಗ್ ಸೇರಿ 25 ಸಾವಿರ ಎಂದು ಹಿಡಿಯಿರಿ. ಮೋಡದ ದಿನ ಬಿಟ್ಟು ವರ್ಷದ 270 ದಿನ ಅದು ನಮ್ಮ ನಾಲ್ಕು ಬಕೆಟ್ ಕೊಟ್ಟರೆ 540 ಯೂನಿಟ್ ಆಯಿತು. ಗೀಸರಿನ ದರದಲ್ಲಿ ವರ್ಷಕ್ಕೆ 4,000 ರೂಪಾಯಿ. ಆರು ವರ್ಷದಲ್ಲಿ ಹಾಕಿದ ದುಡ್ಡು ಹುಟ್ಟುತ್ತದೆ. ಹದಿನೈದು ವರ್ಷ ಬಾಳಿದರೆ, ರಿಪೇರಿ ಸೇರಿಸಿ ಯೂನಿಟ್‌ಗೆ ಮೂರೂವರೆ ರೂಪಾಯಿ, ಬಕೆಟ್ಟಿಗೆ ಒಂದೂಮುಕ್ಕಾಲರೊಳಗೆ. ಪುಕ್ಕಟೆಯಲ್ಲ, ಗೀಸರಿನ ಅರ್ಧ. ಆರೇಳು ಜನರ ಕೂಡು ಕುಟುಂಬಕ್ಕೆ ಇನ್ನೂ ಕಡಿಮೆ, ಇಬ್ಬರೇ ಇರುವ ಮನೆಗೆ ದುಬಾರಿ. ಸಾಧನದ ಬೆಲೆ ಎಲ್ಲರಿಗೂ ಒಂದೇ, ಮೀಯುವ ತಲೆಗಳು ಮಾತ್ರ ಬೇರೆ.

ಇದರ ಮಧ್ಯೆ ಮಾರುವವರು ಹೇಳದ ಎರಡು ಖರ್ಚುಗಳಿವೆ. ಬೋರ್‌ವೆಲ್ಲಿನ ಗಡಸು ನೀರು ನಳಿಗೆಗಳಲ್ಲಿ ಸುಣ್ಣ ಕಟ್ಟಿಸುತ್ತದೆ. ವರ್ಷಕ್ಕೊಮ್ಮೆ ತೊಳೆಸದಿದ್ದರೆ ಹದಿನೈದು ವರ್ಷದ ಮಾತು ಬಿಡಬೇಕು. ಎರಡನೆಯದು ನಲ್ಲಿಯಿಂದ ಬಿಸಿನೀರು ಬರುವ ಮುನ್ನ ಹರಿದುಹೋಗುವ ತಣ್ಣೀರು. ತಾರಸಿಯಿಂದ ಕೆಳಮಹಡಿಗೆ ಹತ್ತು ಲೀಟರ್ ಹರಿಯುವುದು ದೊಡ್ಡದಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರು ಬಾಯಾರಿದಾಗ ಜಿಲ್ಲಾಡಳಿತ ನಿಗದಿ ಮಾಡಿದ ದರ ಐದು ಕಿಲೋಮೀಟರೊಳಗೆ 12,000 ಲೀಟರ್ ಟ್ಯಾಂಕರಿಗೆ ಸಾವಿರ ರೂಪಾಯಿ. ಆ ಹತ್ತು ಲೀಟರಿಗೆ ಎಂಬತ್ತು ಪೈಸೆ ಆಯಿತು. ಬಿಸಿಲು ಉಳಿಸಿಕೊಟ್ಟದ್ದರಲ್ಲಿ ಹತ್ತಿರ ಹತ್ತಿರ ಅರ್ಧ ಚರಂಡಿಗೆ. ಆ ನೀರಿಗೊಂದು ಬಕೆಟ್ ಹಿಡಿಯುವ ಮನೆಗಳು ಲಾಭದಲ್ಲಿವೆ. ಮಲೆನಾಡಿನವರಿಗೆ ಇನ್ನೊಂದು ತೊಡಕು: ಬಿಸಿನೀರು ತೀರಾ ಬೇಕಾದ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಸೂರ್ಯನೇ ರಜೆಯಲ್ಲಿರುತ್ತಾನೆ.

ಇಷ್ಟು ಹೊತ್ತು ಹಾಕಿದ ಲೆಕ್ಕವನ್ನೆಲ್ಲ ಅಲುಗಾಡಿಸಿದ್ದು ರಾಜ್ಯ ಸರ್ಕಾರದ 2023ರ ಗೃಹಜ್ಯೋತಿ ಯೋಜನೆ. ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ಎಂಬುದು ಘೋಷಣೆ. ಒಳಗಿನ ನಿಯಮ ಬೇರೆ: 2022–23ರ ನಿಮ್ಮ ಸರಾಸರಿಗೆ ಶೇ. 10 (ತೀರಾ ಕಡಿಮೆ ಬಳಸುವವರಿಗೆ 2024ರಿಂದ 10 ಯೂನಿಟ್) ಸೇರಿಸಿದರೆ ಎಷ್ಟೋ ಅಷ್ಟು ಉಚಿತ; ಅದು ದಾಟಿ 200ರೊಳಗಿದ್ದರೆ ಹೆಚ್ಚಿನದಕ್ಕೆ ಮಾತ್ರ ದುಡ್ಡು; 200 ದಾಟಿದರೆ ಪೂರ್ತಿ ಬಿಲ್. ಬಚ್ಚಲಿನ ಕಣ್ಣಿನಿಂದ ಇದನ್ನು ನೋಡಿದರೆ ವಿಚಿತ್ರ ಸಂಗತಿಗಳು ಕಾಣುತ್ತವೆ. ಆ ವರ್ಷ ಗೀಸರ್ ಉರಿಸಿದವರ ಸರಾಸರಿ ದೊಡ್ಡದಿತ್ತು, ಅವರಿಗೆ ದೊಡ್ಡ ಪಾಲು ಸಿಕ್ಕಿತು. ಸ್ವಂತ ದುಡ್ಡಿನಲ್ಲಿ ಸೋಲಾರ್ ಹಾಕಿಸಿದವರ, ಹಂಡೆಯಲ್ಲಿ ಕಾಯಿಸಿದವರ ಸರಾಸರಿ ಚಿಕ್ಕದು, ಪಾಲೂ ಚಿಕ್ಕದು. ಹಿಂದಿನ ದಾಖಲೆಯಿಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ ಹಿಡಿದು 58 ಯೂನಿಟ್. ನಮ್ಮ ನಾಲ್ವರ ಸ್ನಾನವೇ ಅದನ್ನು ಮುಗಿಸುತ್ತದೆ.

ಹಾಗಾಗಿ ಒಂದೇ ಬೀದಿಯಲ್ಲಿ ಒಂದೇ ಬಕೆಟ್ಟಿಗೆ ಮೂರು ಬೆಲೆ. ಉಚಿತ ಪಾಲಿನೊಳಗಿರುವವರಿಗೆ ಸೊನ್ನೆ. ಪಾಲು ದಾಟಿದವರಿಗೆ ಮೂರೂವರೆ ರೂಪಾಯಿ. ಇನ್ನು 200ರ ಅಂಚಿನಲ್ಲಿರುವವರಿಗೆ? 201ನೇ ಯೂನಿಟ್ ಓಡಿದರೆ ಇಡೀ ಬಿಲ್ ಕಟ್ಟಬೇಕು, 2025–26ರ ದರದಲ್ಲಿ ಕಿಲೋವಾಟಿಗೆ 145ರಂತೆ ನಿಗದಿತ ಶುಲ್ಕವೂ ಸೇರಿ ಒಂದೂವರೆ ಸಾವಿರಕ್ಕೂ ಮೇಲೆ. ತಿಂಗಳ ಕೊನೆಯ ಒಂದು ಸ್ನಾನಕ್ಕೆ ಅಷ್ಟು ತೆರುವ ಮನೆಗಳೂ ಇದ್ದಾವು! ಗೃಹಜ್ಯೋತಿ ಬಡ ಮನೆಗಳ ಕೈಗೆ ನಾಲ್ಕು ಕಾಸು ಉಳಿಸಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಎಷ್ಟೋ ಹೆಂಗಸರ ತಲೆಯಿಂದ ಸೌದೆಹೊರೆ ಇಳಿದಿದ್ದರೆ ಅದೂ ಒಳ್ಳೆಯದೇ. ಆದರೆ ಕರೆಂಟು ಸೊನ್ನೆಯಾದ ಮನೆಯಲ್ಲಿ ಸೋಲಾರಿನ ಆರು ವರ್ಷದ ಲೆಕ್ಕ ಎಂದಿಗೂ ಹುಟ್ಟದ ಲೆಕ್ಕ. ಕೆಟ್ಟ ನಳಿಗೆ ಬದಲಿಸುವ ಬದಲು ಗೀಸರ್ ಸ್ವಿಚ್ ಒತ್ತುವುದು ಅಲ್ಲಿ ಜಾಣತನ. 2024ರಲ್ಲಿ ಕೇಂದ್ರ ತಂದ ಸೂರ್ಯಘರ್ ಯೋಜನೆ ಮೂರು ಕಿಲೋವಾಟಿಗೆ 78,000 ರೂಪಾಯಿ ಕೊಟ್ಟರೂ ಬಿಲ್ಲೇ ಬಾರದವರು ಚಾವಣಿಗೆ ಸೌರಫಲಕ ಹಾಕಿಸಲು ಯಾಕೆ ಓಡಾಡಿಯಾರು? ಮನೆಗೆ ಸೊನ್ನೆಯಾದ ಆ ಯೂನಿಟ್ ನಾಡಿಗೆ ಸೊನ್ನೆಯಲ್ಲ. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು, ಅದರ ಶಾಖದ ಮೂರರಲ್ಲಿ ಎರಡು ಪಾಲನ್ನು ಗಾಳಿಗೂ ನೀರಿಗೂ ಬಿಟ್ಟು, ಉಳಿದದ್ದನ್ನು ತಂತಿಯಲ್ಲಿ ತಂದು ಬೆಂಗಳೂರಿನಲ್ಲಿ ನೀರು ಕಾಯಿಸುವುದು ತಿರುಗುಮುರುಗು ದಾರಿ. ಅದೂ ಎಲ್ಲರೂ ಬೆಳಗಿನ ಅದೇ ಎರಡು ಮೂರು ಗಂಟೆಯಲ್ಲಿ.

ಹೀಟ್ ಪಂಪ್ ಎಂಬುದೊಂದು ಉಳಿದಿದೆ. ಫ್ರಿಜ್ಜಿನ ಕೆಲಸವನ್ನೇ ತಿರುಗಿಸಿ, ಹೊರಗಿನ ಗಾಳಿಯ ಶಾಖವನ್ನು ಹೀರಿ ನೀರಿಗೆ ತುಂಬುವ ಯಂತ್ರ. ಬೆಂಗಳೂರಿನ ಹವೆಯಲ್ಲಿ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಶಾಖ ಕೊಡುತ್ತದೆ. ಬಕೆಟ್ಟಿಗೆ ಒಂದು ರೂಪಾಯಿ ಚಿಲ್ಲರೆ. ನಡೆಸುವ ಖರ್ಚಿನಲ್ಲಿ ಇದನ್ನು ಮೀರಿಸಲು ಬಿಸಿಲಿಗೆ ಮತ್ತು ಸ್ವಂತ ತೋಟದ ಸೌದೆಗೆ ಮಾತ್ರ ಸಾಧ್ಯ. ಮೋಡವಾದರೂ ತೊಂದರೆಯಿಲ್ಲ. ಆದರೆ ಕೊಳ್ಳುವ ಬೆಲೆ ಸಣ್ಣ ಮನೆಗೆ ಭಾರ, ಕೆಟ್ಟರೆ ರಿಪೇರಿಯವರು ತಾಲ್ಲೂಕು ಊರುಗಳಲ್ಲಿ ಸಿಗುವುದಿಲ್ಲ. ಹಾಸ್ಟೆಲ್, ಆಸ್ಪತ್ರೆ, ಹೋಟೆಲು ಮತ್ತು ತಾರಸಿಯಲ್ಲಿ ಎಲ್ಲರಿಗೂ ಜಾಗ ಸಾಲದ ಅಪಾರ್ಟ್‌ಮೆಂಟುಗಳಿಗೆ ಹೇಳಿ ಮಾಡಿಸಿದ್ದು. ಮನೆಗೊಂದು ಗೀಸರ್ ಇಟ್ಟುಕೊಂಡ ನೂರು ಫ್ಲಾಟಿನ ಸಂಘವೊಂದು ಈ ಲೆಕ್ಕವನ್ನು ಒಮ್ಮೆ ಸಭೆಯಲ್ಲಿ ಇಡುವುದು ಒಳ್ಳೆಯದು.

ನನ್ನ ತೀರ್ಪು ಹೀಗಿದೆ. ಸ್ವಂತ ತೋಟ, ಹೊಲದ ಕಸಕಡ್ಡಿ ಇದ್ದವರು ಹಂಡೆಯನ್ನೋ ಸೌದೆ ಬಾಯ್ಲರನ್ನೋ ಬಿಡಬೇಕಿಲ್ಲ, ಒಲೆಯ ಬಾಯಿಗೊಂದು ಬಾಗಿಲು, ಒಳಗೊಂದು ಜಾಲರಿ, ಮೇಲೊಂದು ಹೊಗೆಕೊಳವೆ ಹಾಕಿಸಿದರೆ ಸಾಕು. ಸೌದೆ ಕೊಂಡು ಉರಿಸುವವರು ಇಂದೇ ನಿಲ್ಲಿಸುವುದು ಲೇಸು. ಸ್ವಂತ ತಾರಸಿ, ನಾಲ್ಕಕ್ಕಿಂತ ಹೆಚ್ಚು ಜನ, ಬಯಲುಸೀಮೆಯ ಬಿಸಿಲು ಮೂರೂ ಇದ್ದವರಿಗೆ ಸೋಲಾರ್. ಬಾಡಿಗೆ ಮನೆಯವರಿಗೆ ಹದಿನೈದು ಲೀಟರಿನ ಒಳ್ಳೆಯ ಸ್ಟಾರ್ ಇರುವ ಗೀಸರ್, ಸ್ನಾನಕ್ಕೆ ಹತ್ತಿಪ್ಪತ್ತು ನಿಮಿಷ ಮುಂಚೆ ಹಾಕಿ ಆರಿಸುವ ಅಭ್ಯಾಸ. ಇನ್ನು ಸರ್ಕಾರಕ್ಕೆ ಒಂದು ಮಾತು: ಸೋಲಾರ್ ನೀರಿನ ಸಾಧನ ಇರುವ ಮನೆಯ ಉಚಿತ ಪಾಲನ್ನು ಹಳೆಯ ಸರಾಸರಿಯಿಂದ ಅಳೆಯಬೇಡಿ. ಅವರು ತಿಂಗಳಿಗೆ ಸರಾಸರಿ ನಲವತ್ತೈದು ಯೂನಿಟ್ ಉಳಿಸಿ ಕೊಡುತ್ತಿರುವವರು. ಐವತ್ತು ರೂಪಾಯಿಯ ರಿಯಾಯಿತಿಯ ಬದಲು ಆ ನಲವತ್ತೈದರಲ್ಲಿ ಅರ್ಧವನ್ನಾದರೂ ಅವರ ಪಾಲಿಗೆ ಸೇರಿಸಿ.